ಕೈಯಾಗ ಹಿಡಿಲಿಕ್ಕೆ ಬರಲಾರದ್ದನ್ನ ಮಾರೋ ನೌಕರಿ

ನಮ್ಮ ಅಕ್ಕನ ಮಗಳು ಬೆಂಗಳೂರಾಗ ಸಾಫ್ಟ್‌ವೇರ್ ಕಂಪನ್ಯಾಗ ನೌಕರಿ ಮಾಡತಾಳ ಅನ್ನೋದು ನಿಮಗೆಲ್ಲಾ ಗೊತ್ತದ. ಆದ್ರ ಆಕಿ ಪ್ರೋಗ್ರಾಂ ಬರಿಯಂಗಿಲ್ಲ, ಸೇಲ್ಸ್‌ನ್ಯಾಗ ಇದ್ದಾಳ. ಇದು ಗೊತ್ತಾದ ಕೂಡಲೇ ನಿಮ್ಮೊಳಗ ಕೆಲವರ ಮಾರಿ ಸಣ್ಣದಾಗಿದ್ದು ನಾ ನೋಡೇನಿ. "ಇಂಜಿನಿಯರಿಂಗ್ ಓದಿ ಮಾರೋ ಕೆಲಸಕ್ಕ ಹೋದಳಾ?" ಅಂತ ಮೌಶಿ ಕೇಳಿದ್ರು. ಕನ್ಯಾ ನೋಡಲಿಕ್ಕೆ ಬಂದವರು ಪಗಾರ ಕೇಳಿ ಖುಷಿಯಾದ್ರು, ಕೆಲಸ ಕೇಳಿ ಸುಮ್ಮನಾದ್ರು. ಇವೆಲ್ಲಾದರ ನಡುವ ಬಾಜೂ ಮನಿ ವೈನಿಯವರು ಕೇಳಿದ ಪ್ರಶ್ನೆ ಮಾತ್ರ ನನಗ ಭಾಳ ಸೇರ್ತು: "ಅಲ್ಲವಾ, ಸೀರಿ ಮಾರೋರು ಸೀರಿ ಹರವಿ ತೋರಸ್ತಾರ. ಈ ಸಾಫ್ಟ್‌ವೇರ್ ಕೈಯಾಗ ಹಿಡಿಲಿಕ್ಕೆ ಬರಂಗಿಲ್ಲ. ಇದನ್ನ ಏನಂತ ಹೇಳಿ ಮಾರ್ತಾರ?"

ಇದಕ್ಕ ಉತ್ತರಾ ಹುಡುಕ್ಕೋತ ಹೋದ್ರ ಕಂಪ್ಯೂಟರ್ ಇನ್ನೂ ಹುಟ್ಟದ ಕಾಲಕ್ಕ ಹೋಗಬೇಕಾಗತದ. ಅದೂ ಎಲ್ಲಿಗೆ ಅಂದ್ರ ಅಮೇರಿಕಾದ ಓಹಾಯೋ ರಾಜ್ಯದ ಡೇಟನ್ ಅನ್ನೋ ಊರಿನ ಒಂದು ದಾರೂ ಅಂಗಡಿಗೆ.

ಆ ಅಂಗಡಿ ಮಾಲಕನ ಹೆಸರು ಜೇಮ್ಸ್ ರಿಟ್ಟಿ. ಅಂವನ ಗಲ್ಲಾಪೆಟ್ಟಿಗಿಂದ ಆಳುಗಳು ರೊಕ್ಕ ಹೊಡೀತಿದ್ರು. ಒಮ್ಮೆ ಯುರೋಪಿಗೆ ಹಡಗಿನ್ಯಾಗ ಹೋಗುವಾಗ, ಹಡಗಿನ ಪಂಖಾ ಎಷ್ಟು ಸುತ್ತು ತಿರಿಗೇತಿ ಅಂತ ಎಣಿಸೋ ಒಂದು ಯಂತ್ರ ಅಂವನ ಕಣ್ಣಿಗೆ ಬಿತ್ತು. ಹಂಗಾದ್ರ ವ್ಯಾಪಾರ ಎಷ್ಟಾತು ಅಂತಾನೂ ಯಂತ್ರ ಎಣಿಸಬಹುದಲ್ಲಾ ಅಂದ. 1879ರಾಗ ಸಹೋದರನ ಕೂಡ ಸೇರಿ ಕ್ಯಾಶ್ ರಿಜಿಸ್ಟರ್ ಮಾಡಿ ಪೇಟೆಂಟ್ ತಗೊಂಡ. ಯಂತ್ರ ಚಲೋ ಇತ್ತು, ಆದ್ರ ಮಾರಾಟ ಆಗಲಿಲ್ಲ. ಆ ಧಂದೆ ಕೈಯಿಂದ ಕೈಗೆ ಹೋಗಿ, 1884ರಾಗ ಜಾನ್ ಪ್ಯಾಟರ್ಸನ್ ಅನ್ನೋ ಒಬ್ಬಂವನ ಕೈಗೆ ಬಂತು. ಅಂವ ಕಂಪನಿಗೆ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಅಂತ ಹೆಸರಿಟ್ಟ.

ಪ್ಯಾಟರ್ಸನ್ನನ ಫಜೀತಿ ಏನಂದ್ರ, ಆ ಯಂತ್ರ ಬೇಕು ಅಂತ ಜಗತ್ತಿನ್ಯಾಗ ಒಬ್ಬರೂ ಕೇಳಿದ್ದಿಲ್ಲ. ಅಂಗಡಿ ಮಾಲಕ "ನನ್ನ ಗಲ್ಲಾ ನೆಟ್ಟಗದ" ಅಂತಿದ್ದ. ಆಳುಗಳಿಗಂತೂ ಆ ಗಂಟಿ ಬಡಿಯೋ ಯಂತ್ರದ ಹೆಸರು ಕೇಳಿದ್ರ ಉರೀತಿತ್ತು. ಅದಕ್ಕ ಅಂವ ಹಿಡಿದ ದಾರಿ ನೋಡ್ರಿ. ಅಂವನ ಕಂಪನ್ಯಾಗ ಎಲ್ಲಾರಕಿಂತ ಚಲೋ ಮಾರೋಂವ ಅಂದ್ರ ಅಂವನ ಸಂಬಂಧಿಕನೇ ಒಬ್ಬ, ಜೋಸೆಫ್ ಕ್ರೇನ್ ಅಂತ. ಅಂವ ಎಲ್ಲಾ ಗಿರಾಕಿ ಮುಂದನೂ ಒಂದ ಮಾತು ಒಂದ ರೀತಿ ಆಡತಿದ್ದ. ಆ ಮಾತು ಬರಸಿ, 1887ರಾಗ ಒಂದು ಸಣ್ಣ ಪುಸ್ತಕ ಅಚ್ಚು ಹಾಕಿಸಿ, ಎಲ್ಲಾ ಮಾರೋರೂ ಇದನ್ನ ಬಾಯಿಪಾಠ ಮಾಡಬೇಕು ಅಂತ ಹುಕುಂ ಮಾಡಿದ. ಮೊದಲ ಹೆಂಗ ಗಿರಾಕಿನ್ನ ಮಾತಿಗೆ ಎಳೀಬೇಕು, ಆಮೇಲೆ ಅಂವನ ಅಂಗಡ್ಯಾಗ ಎಲ್ಲೆಲ್ಲೆ ರೊಕ್ಕ ಸೋರತದ ಅಂತ ಹೆಂಗ ಅವನ ಬಾಯಿಂದನ ಹೇಳಿಸಬೇಕು, ಆಮೇಲೆ ಯಂತ್ರ ತೋರಸೋದು, ಕಡೀಕ ಸಹಿ ಹಾಕಸೋದು. ಪ್ಯಾಟರ್ಸನ್ ಕಂಡುಕೊಂಡ ಗುಟ್ಟು ಇಷ್ಟ: ಯಂತ್ರದ ಬಗ್ಗೆ ಮಾತಾಡಬ್ಯಾಡ್ರಿ, ಗಿರಾಕಿಯ ನಷ್ಟದ ಬಗ್ಗೆ ಮಾತಾಡ್ರಿ.

ನಮ್ಮ ಹುಡುಗಿ ಇವತ್ತೂ ಇದನ್ನ ಮಾಡತಾಳ. ಮೊದಲ ವಾರ ಬರೇ ಪ್ರಶ್ನೆ ಕೇಳತಾಳ. ನಿಮ್ಮಲ್ಲೆ ಬಿಲ್ ಯಾರು ಮಾಡತಾರ, ತಪ್ಪಾದ್ರ ಯಾರು ತಿದ್ದತಾರ, ತಿದ್ದಲಿಕ್ಕೆ ಎಷ್ಟು ದಿವಸ ಬೇಕು, ಅಷ್ಟರಾಗ ಎಷ್ಟು ರೊಕ್ಕ ತಡೀತದ. ಆಮೇಲೇನ ಡೆಮೋ. ನಾ ಒಂದು ದಿವಸ ಆಕಿ ಬಾಜೂಕ ಕೂತು ಕೇಳಿದೆ, ಅರ್ಧಾ ತಾಸಿನ್ಯಾಗ ಆಕಿ ಮಾತಾಡಿದ್ದು ಹತ್ತು ನಿಮಿಷನೂ ಇರಲಿಕ್ಕಿಲ್ಲ. ಸೇಲ್ಸ್ ಅಂದ್ರ ಬಾಯಿಬಡಕರ ಕೆಲಸ ಅಂತ ತಿಳಕೊಂಡಿದ್ದೆ. ಹಂಗಿಲ್ಲ. ಬೀಗರ ಮನ್ಯಾಗ ಕೂತು ಯಾರು ಖರೇ ಯಜಮಾನರು ಅಂತ ಹುಡುಕೋ ಹೆಣ್ಣಮಕ್ಕಳಿಗೆ ಈ ವಿದ್ಯಾ ಮೊದಲ ಬರತದ.

ಪ್ಯಾಟರ್ಸನ್ ಮಾಡಿದ ಎರಡನೇ ಕೆಲಸ ಇನ್ನೂ ದೊಡ್ಡದು. ಪ್ರತಿಯೊಬ್ಬ ಮಾರೋಂವಗೂ ಒಂದು ಸೀಮಿ ಹಂಚಿಕೊಟ್ಟ. ಅದರೊಳಗ ಬ್ಯಾರೆಯವರು ಕಾಲಿಡಂಗಿಲ್ಲ. ಆ ಸೀಮ್ಯಾಗ ಇಂತಿಷ್ಟು ಮಾರಬೇಕು ಅಂತ ಒಂದು ಅಂಕಿ ಇಟ್ಟ. ಆ ಅಂಕಿಗೆ ಕೋಟಾ ಅಂತ ಹೆಸರು. ಮುಟ್ಟಿದವರಿಗೆ ಸನ್ಮಾನ, ಮುಟ್ಟಲಾರದವರಿಗೆ ಎಲ್ಲಾರ ಮುಂದ ಅವಮಾನ. ನಾವು ಇವತ್ತು ಟಾರ್ಗೆಟ್ ಅಂತ ಏನ ಅಂತೀವಿ, ಅದಕ್ಕ ಒಂದು ಪದ್ಧತಿ ಅಂತ ಕಟ್ಟಿಕೊಟ್ಟದ್ದು ಈ ಕ್ಯಾಶ್ ರಿಜಿಸ್ಟರ್ ಕಂಪನಿ.

ಅಲ್ಲೆ ಕಲತು ಬಂದ ಶಿಷ್ಯಾನ ಥಾಮಸ್ ವಾಟ್ಸನ್. ಪ್ಯಾಟರ್ಸನ್ ಅಂವನ್ನ ಕೆಲಸದಿಂದ ತೆಗೆದ ಮ್ಯಾಲೆ 1914ರಾಗ ಬ್ಯಾರೆ ಒಂದು ಕಂಪನಿಗೆ ಸೇರಿದ, ಅದಕ್ಕ 1924ರಾಗ ಐಬಿಎಂ ಅಂತ ಹೆಸರು ಬಂತು. ಗುರುವಿನ ಸಾಲಿ, ಕೋಟಾ, ಹಾಡು, ಸನ್ಮಾನ ಎಲ್ಲಾ ಅಂವ ಹಂಗ ಎತ್ತಿಕೊಂಡು ಬಂದಿದ್ದ. ಕೋಟಾ ಮುಟ್ಟಿದವರ ಕೂಟಕ್ಕ ಹಂಡ್ರೆಡ್ ಪರ್ಸೆಂಟ್ ಕ್ಲಬ್ ಅಂತ ಹೆಸರು. ಕರೀ ಸೂಟು, ಬಿಳೀ ಶರ್ಟು.

ಐಬಿಎಂ ಯಂತ್ರ ಮಾರತಿದ್ದಿಲ್ಲ, ಬಾಡಿಗಿ ಕೊಡತಿತ್ತು. ಇದರೊಳಗ ಒಂದು ನಿಯಮ ಇತ್ತು, ಅದನ್ನ ಓದಿದಾಗ ನನಗ ಅಬ್ಬಾ ಅನಿಸಿತು. ಗಿರಾಕಿ ಯಂತ್ರ ವಾಪಸ್ ಕೊಟ್ಟರ, ಆ ಯಂತ್ರದ ಕಮಿಷನ್ನೂ ವಾಪಸ್. ಮಾರಿದ ಮ್ಯಾಲೆ ಕೈ ತೊಳಕೊಳ್ಳೋ ಹಂಗಿಲ್ಲ. ಗಿರಾಕಿ ಸುಖದಾಗ ಇದ್ದಾನೋ ಇಲ್ಲೋ ಅಂತ ತಿಂಗಳಾ ತಿಂಗಳಾ ನೋಡಕೋತ ಇರಬೇಕು. ಕ್ರೂರ ಅನಿಸಬಹುದು. ಆದ್ರ ಗಿರಾಕಿ ಕಡೆಯಿಂದ ವಿಚಾರ ಮಾಡ್ರಿ, ಇದಕಿಂತ ಚಲೋ ನಿಯಮ ಇನ್ನೊಂದಿಲ್ಲ.

ಈಗ ನಮ್ಮ ವಿಷಯ. 1935ರಾಗ ವಾಟ್ಸನ್ ಕಾಲೇಜು ಓದಿದ 25 ಹೆಣ್ಣಮಕ್ಕಳನ್ನ ತಗೊಂಡು ಕಂಪನಿ ಸಾಲ್ಯಾಗ ಕಲಿಸಿ, ಗಿರಾಕಿಗಳ ಆಫೀಸಿಗೆ ಕಳಿಸಿದ. ಯಂತ್ರ ಗಂಡಸರು ಮಾರತಿದ್ರು. ಬಂದು ಕೂತ ಮ್ಯಾಲೆ ಅದರಿಂದ ಕೆಲಸ ಹೆಂಗ ತಗೀಬೇಕು, ಲೆಕ್ಕದ ಕಾರ್ಡು ಹೆಂಗ ಜೋಡಿಸಬೇಕು, ಅಲ್ಲಿ ಗುಮಾಸ್ತರಿಗೆ ಹೆಂಗ ಕಲಿಸಬೇಕು, ಇದೆಲ್ಲಾ ಈ ಹುಡುಗ್ಯಾರ ಕೆಲಸ. ಅಂದ್ರ ಕಮಿಷನ್ ವಾಪಸ್ ಹೋಗಲಾರದಂಗ ಕಾಯ್ತಿದ್ದವರು ಇವರು! ಅವರೊಳಗ ಮುಂದ ಬಂದ ಒಬ್ಬಾಕಿ ರುತ್ ಲೀಚ್. 1939ರ ಸ್ಯಾನ್ ಫ್ರಾನ್ಸಿಸ್ಕೋ ಪ್ರದರ್ಶನದಾಗ ಬಂದ ಮಂದಿಗೆ ವಿದ್ಯುತ್ ಟೈಪ್‌ರೈಟರ್ ಹೊಡದು ತೋರಿಸೋ ಕೆಲಸಕ್ಕ ಸೇರಿದಾಕಿ, ನಾಕ ವರ್ಷದಾಗ, 1943ರಾಗ, ಐಬಿಎಂ ಕಂಪನಿಯ ಮೊದಲ ಮಹಿಳಾ ಉಪಾಧ್ಯಕ್ಷೆ ಆದಳು. ಡೆಮೋ ಕೊಡಾಕಿ ಉಪಾಧ್ಯಕ್ಷೆ. ಹಂಗಂತ ಭಾಳ ಹಿಗ್ಗಬ್ಯಾಡ್ರಿ. ಲಗ್ನಾದ ಹೆಣ್ಣಮಕ್ಕಳು ಆ ಕಂಪನ್ಯಾಗ ನೌಕರಿ ಬಿಡಬೇಕು ಅನ್ನೋ ನಿಯಮ ಹೋಗಿದ್ದು 1951ರಾಗ.

ಇಷ್ಟಾದ್ರೂ ಸಾಫ್ಟ್‌ವೇರ್ ಇನ್ನೂ ಬಂದಿಲ್ಲ ನೋಡ್ರಿ. ಅದು ಇತ್ತು, ಆದ್ರ ಅದನ್ನ ಯಾರೂ ಮಾರತಿದ್ದಿಲ್ಲ. ಸೀರಿ ಜೋಡಿ ಬ್ಲೌಸ್ ಪೀಸ್ ಬರತದಲ್ಲಾ, ಹಂಗ ಅದು ಕಂಪ್ಯೂಟರ್ ಜೋಡಿ ಬರತಿತ್ತು. ಅಂಗಡ್ಯಾಂವ ಬ್ಲೌಸ್ ಪೀಸ್ ಫುಕಟ್ ಅಂತಾನ, ಅದರ ರೊಕ್ಕಾ ಸೀರ್‍ಯಾಗ ಸೇರೇದ ಅಂತ ನಮಗೂ ಗೊತ್ತಿರತದ. ಐಬಿಎಂ ಯಂತ್ರದ ಬಾಡಿಗ್ಯಾಗ ಪ್ರೋಗ್ರಾಂ, ಕಲಿಸೋದು, ರಿಪೇರಿ ಎಲ್ಲಾ ಸೇರಿತ್ತು. 1960ರ ದಶಕದಾಗ ಜಗತ್ತಿನ ಕಂಪ್ಯೂಟರ್‌ಗಳೊಳಗ ಬಹಳಷ್ಟು ಆ ಕಂಪನೀವೇ. ಹಿಂಗಿದ್ದಾಗ ಬರೇ ಬ್ಲೌಸ್ ಪೀಸ್ ಅಂಗಡಿ ಇಟ್ಟರ ಯಾರು ಬರತಾರ?

ಅಂಥಾ ಅಂಗಡಿ ಇಟ್ಟವರು ಇದ್ದರು. ನ್ಯೂಜೆರ್ಸಿ ರಾಜ್ಯದಾಗ ಅಪ್ಲೈಡ್ ಡೇಟಾ ರಿಸರ್ಚ್ ಅಂತ ಒಂದು ಸಣ್ಣ ಕಂಪನಿ, ಅದರೊಳಗ ಮಾರ್ಟಿನ್ ಗೆಟ್ಸ್ ಅನ್ನೋಂವ. ಕಂಪ್ಯೂಟರ್ ಮಾಡೋ ಆರ್‌ಸಿಎ ಕಂಪನಿ ಕೇಳ್ತು ಅಂತ, ಪ್ರೋಗ್ರಾಂ ಓದಿ ತಾನ ಅದರ ಚಿತ್ರ ಬರಿಯೋ ಒಂದು ಪ್ರೋಗ್ರಾಂ ಮಾಡಿದರು, ಆಟೋಫ್ಲೋ ಅಂತ. ಮಾಡಿದ ಮ್ಯಾಲೆ ಕೇಳಿದವರು ಬ್ಯಾಡ ಅಂದರು! ಮಾಡಿಟ್ಟ ಅಡಗಿ ಚೆಲ್ಲಲಿಕ್ಕೆ ಮನಸ್ಸು ಬರತದೇನು? 1965ರ ಸುಮಾರಿಗೆ, ಆರ್‌ಸಿಎ ಯಂತ್ರ ಇಟ್ಟುಕೊಂಡಿದ್ದ ಗಿರಾಕಿಗಳಿಗೆ ನೆಟ್ಟಗ ಪತ್ರ ಬರದು, 2,400 ಡಾಲರಿಗೆ ಒಂದು ಅಂತ ಮಾರಲಿಕ್ಕೆ ನೋಡಿದರು. ಬೆರಳ ಮ್ಯಾಲೆ ಎಣಿಸುವಷ್ಟು ಮಂದಿ ತಗೊಂಡರು. ಆಮೇಲೆ ಐಬಿಎಂ ಯಂತ್ರಕ್ಕ ಹೊಂದೋ ಹಂಗ ತಿರಿಗಿ ಬರದು ಹೊಂಟರು. ಅಲ್ಲಿ ಗಿರಾಕಿ ಹೇಳೋದೇನು? "ನಮಗ ಇಂಥಾದ್ದನ್ನ ಐಬಿಎಂದವರು ಫುಕಟ್ ಕೊಡತಾರ್ರೀ."

ಫುಕಟ್ ಬರೋದರ ಎದುರಿಗೆ ನಿಂತು ಮಾರೋದು. ಇದಕಿಂತ ಕಠಿಣ ಸೇಲ್ಸ್ ಯಾವದೂ ಇರಲಿಕ್ಕಿಲ್ಲ. ಗೆಟ್ಸ್ ಏನು ಮಾಡಿದ ಅಂದ್ರ, ಮಾರೋದರ ಜೋಡಿ ಕೋರ್ಟು ಕಚೇರಿ ಹಿಡದ. 1968ರ ಏಪ್ರಿಲ್‌ನ್ಯಾಗ ಅಂವಗ ಸಿಕ್ಕ ಪೇಟೆಂಟ್‌ಗೆ ಜಗತ್ತಿನ ಮೊದಲ ಸಾಫ್ಟ್‌ವೇರ್ ಪೇಟೆಂಟ್ ಅಂತಾರ. 1969ರ ಜನವರಿಯಾಗ ಅಮೇರಿಕಾ ಸರ್ಕಾರನ ಐಬಿಎಂ ಮ್ಯಾಲೆ ಏಕಸ್ವಾಮ್ಯದ ಖಟ್ಲೆ ಹಾಕಿತು. ಗೆಟ್ಸ್ ಕಂಪನಿಯವರೂ ಅದೇ ವರ್ಷ ಹಾಕಿದರು. 1969ರ ಜೂನ್ 23ಕ್ಕ ಐಬಿಎಂ ಸಾರಿತು: ಇನ್ನು ಮುಂದ ಯಂತ್ರದ ದರ ಬ್ಯಾರೆ, ಪ್ರೋಗ್ರಾಂ ದರ ಬ್ಯಾರೆ, ಕಲಿಸೋದಕ್ಕ ಬ್ಯಾರೆ. ಸೀರಿ ಬ್ಯಾರೆ, ಬ್ಲೌಸ್ ಪೀಸ್ ಬ್ಯಾರೆ ಆತು. ಅದರ ಸಲುವಾಗಿ ಸೀರಿ ದರ ಎಷ್ಟು ಇಳೀತು ಗೊತ್ತೇನು? ನೂರಕ್ಕ 3. ಗಿರಾಕಿಗಳು ಕುಂಯ್ ಕುಂಯ್ ಅಂದರು, ಯಾಕಂದ್ರ ಫುಕಟ್ ಅಂತ ತಿಳಕೊಂಡಿದ್ದಕ್ಕೆಲ್ಲಾ ಈಗ ಬಿಲ್ ಬರಲಿಕ್ಕೆ ಹತ್ತಿತ್ತು.

ಇವತ್ತು ಬೆಂಗಳೂರಾಗ ಲಕ್ಷಾಂತರ ಮನಿ ನಡಿಯೋ ಧಂದೆಯ ಒಂದು ಬೇರು ಆ ಜೂನ್ ತಿಂಗಳಾಗ ಅದ. ಸಾಫ್ಟ್‌ವೇರ್‌ಗೆ ಬೆಲೆ ಅದ ಅಂತ ಮಂದಿನ್ನ ಒಪ್ಪಿಸಿದವರು ಬರೇ ಅದನ್ನ ಬರದವರಲ್ಲ. "ಇದಕ್ಕ ರೊಕ್ಕ ಯಾಕ ಕೊಡಬೇಕು" ಅನ್ನೋ ಪ್ರಶ್ನೆಕ್ಕ ಬಾಗಲಾ ಬಾಗಲಾ ಅಡ್ಡಾಡಿ ಉತ್ತರಾ ಹೇಳಿದವರು. ಮೌಶಿ, ಇಂಜಿನಿಯರಿಂಗ್ ಓದಿ ಮಾರೋ ಕೆಲಸಾ ಅಂತ ಕೇಳಿದ್ರಲ್ಲಾ, ಆ ಗೆಟ್ಸ್‌ನೂ ಪ್ರೋಗ್ರಾಂ ಬರಿಯೋಂವನ ಇದ್ದ.

ಈಗ ವೈನಿಯವರ ಪ್ರಶ್ನೆಗೆ ಬರತೀನಿ. ಕೈಗೆ ಸಿಗಲಾರದ್ದನ್ನ ಮಾರೋದರಾಗ ಏನು ತ್ರಾಸು? ಸೀರಿ ಅಂಗಡ್ಯಾಂವಗ ಒಂದು ಕೊನೀ ದರ ಅಂತ ಇರತದ. ನೂಲು, ಬಣ್ಣ, ನೇಕಾರನ ಕೂಲಿ ಎಲ್ಲಾ ಸೇರಿ ಇಷ್ಟಾಗೇದ, ಇದಕಿಂತ ಕೆಳಗ ಬರಲಿಕ್ಕೆ ಆಗಂಗಿಲ್ಲ ಅಂತಾನ, ನಾವೂ ಒಪ್ಪತೀವಿ. ಸಾಫ್ಟ್‌ವೇರ್‌ದು ಹಂಗಲ್ಲ. ಮೊದಲನೇ ಪ್ರತಿ ಮಾಡಲಿಕ್ಕೆ ಕೋಟಿಗಟ್ಟಲೆ ಖರ್ಚು, ಎರಡನೇ ಪ್ರತಿಗೆ ಏನೂ ಇಲ್ಲ. ಕೊಳ್ಳಾಂವಗೂ ಇದು ಗೊತ್ತಿರತದ. ಅದಕ್ಕ ಅಂವ ಚೌಕಾಶಿ ಮಾಡಲಿಕ್ಕೆ ನಿಂತ್ರ ತಳಾನ ಸಿಗಂಗಿಲ್ಲ. ನೂರಕ್ಕ ಹತ್ತು ಬಿಡು ಅಂದಾಂವ ನಾಳೆ ನಲವತ್ತು ಬಿಡು ಅಂತಾನ.

ಅದರ ಮ್ಯಾಲೆ ಮೂರು ತಿಂಗಳ ಲೆಕ್ಕ. ಶೇರ್ ಪೇಟ್ಯಾಗ ಇರೋ ಕಂಪನಿಗಳು ಮೂರು ತಿಂಗಳಿಗೊಮ್ಮೆ ಎಷ್ಟು ಮಾರಿದಿವಿ ಅಂತ ಜಗತ್ತಿಗೆ ಹೇಳಬೇಕು. ಹಿಂಗಾಗಿ ಮಾರೋರ ಕೋಟಾನೂ ಮೂರು ತಿಂಗಳದು. ಕೊಳ್ಳೋರು ಶಾಣ್ಯಾರು, ಅವರು ಕಡೀ ವಾರದ ತನಕಾ ಸುಮ್ಮನ ಕೂಡತಾರ. ಸಂಜೀ ಆದ ಮ್ಯಾಲೆ ಸಂತಿಗೆ ಹೋಗಿ ಕೊತ್ತಂಬರಿ ಕೇಳೋದು ನಾವೇನು ಬಿಟ್ಟೇವೇನು? ಅದೇ ಲೆಕ್ಕ.

ಈ ಅವಸರ ಎಲ್ಲಿ ತನಕಾ ಒಯ್ಯತದ ಅನ್ನೋದಕ್ಕ ದೊಡ್ಡ ಉದಾಹರಣೆ ಅಮೇರಿಕಾದ ಒರಾಕಲ್ ಕಂಪನಿ. ಆ ಕಾಲಕ್ಕ ವರ್ಷಾ ವರ್ಷಾ ಎರಡು ಪಟ್ಟು ಬೆಳಿಯೋ ಕಂಪನಿ ಅದು. ಮಾರೋರಿಗೆ ಕೋಟಾನೂ ಹಂಗ. ಅವರು ಏನು ಮಾಡಿದರು ಅಂದ್ರ, ಮುಂದ ಎಂದೋ ಬರಬೇಕಾದ ಮಾರಾಟಾನೂ ಈ ಮೂರು ತಿಂಗಳದಾಗ ಬರದು ಬೋನಸ್ ತಗೊಂಡರು. ಮುಂದಿನ ಮಾರಾಟ ಬರಲೇ ಇಲ್ಲ. 1990ರಾಗ ಕಂಪನಿ ಗಳಿಕಿ ಲೆಕ್ಕಾ ತಿರಿಗಿ ಬರೀಬೇಕಾತು, ಮೊದಲನೇ ಸಲ ನಷ್ಟ ತೋರಿಸಬೇಕಾತು, ಸುಮಾರು ನೂರಕ್ಕ ಹತ್ತು ಮಂದಿನ್ನ ಮನಿಗೆ ಕಳಿಸಬೇಕಾತು. ಮುಂದಿನ ತಿಂಗಳ ರೇಷನ್ ಈ ತಿಂಗಳ ಉಂಡ್ರ ಏನಾಗತದೋ ಅದು. ಕಂಪನಿ ಮುಂದ ಎದ್ದು ನಿಂತಿತು, ಇವತ್ತೂ ದೊಡ್ಡದದ. ಆದ್ರ ನನ್ನ ಕೇಳಿದ್ರ, ತಪ್ಪು ಬರೇ ಬರದವರದ್ದಲ್ಲ, ಅಂಥಾ ಅಂಕಿ ಇಟ್ಟು "ಹೆಂಗರ ಮಾಡ್ರಿ" ಅಂದವರದ್ದೂ ಅದ.

ಇನ್ನೊಂದು ಕಡೆಯಿಂದ ಬಂದ ಕಥಿ ರಾಸ್ ಪೆರೋಂದು. ಅಂವ ಐಬಿಎಂದಾಗ ಮಾರಾಟಗಾರ. 1962ರ ಇಡೀ ವರ್ಷದ ಕೋಟಾ ಅಂವ ಜನವರಿ 19ಕ್ಕ ಮುಗಿಸಿಬಿಟ್ಟ! ಉಳಿದ ಹನ್ನೊಂದು ತಿಂಗಳು ಏನು ಮಾಡಬೇಕು? ಅದೇ ವರ್ಷ ನೌಕರಿ ಬಿಟ್ಟು, ಸಾವಿರ ಡಾಲರ್ ಹಾಕಿ, ಈಡಿಎಸ್ ಅಂತ ತಂದ ಕಂಪನಿ ತಗದ. ಮುಂದ ಕೋಟ್ಯಾಧೀಶ ಆಗಿ ಅಧ್ಯಕ್ಷ ಚುನಾವಣಿಗೂ ನಿಂತ. ಇಂಥಾ ಕಥಿ ಸೇಲ್ಸ್ ಟ್ರೇನಿಂಗಿನ್ಯಾಗ ಭಾಳ ಹೇಳತಾರಂತ. ಕೋಟಾ ಮುಟ್ಟಲಾರದ ನೂರು ಮಂದಿ ಕಥಿ ಯಾರೂ ಹೇಳಂಗಿಲ್ಲ.

1999ರಾಗ ಗಾಳಿ ತಿರಿಗಿತು. ಒರಾಕಲ್‌ನ್ಯಾಗ ಹದಿಮೂರು ವರ್ಷ ಇದ್ದ ಮಾರ್ಕ್ ಬೆನಿಯಾಫ್ ಹೊರಗ ಬಂದು ಸೇಲ್ಸ್‌ಫೋರ್ಸ್ ಅಂತ ಕಂಪನಿ ತಗದ. ಸಾಫ್ಟ್‌ವೇರ್ ಒಮ್ಮೆಲೇ ಕೊಳ್ಳಬ್ಯಾಡ್ರಿ, ಇಂಟರ್ನೆಟ್ ಮ್ಯಾಲೆ ಬಳಸ್ರಿ, ತಲೆಗಿಷ್ಟು ಅಂತ ಬಾಡಿಗಿ ಕೊಡ್ರಿ ಅಂದ. ವಾಟ್ಸನ್ನನ ಬಾಡಿಗಿ ಪದ್ಧತಿ ಹೊಸಾ ಅಂಗಿ ಹಾಕ್ಕೊಂಡು ತಿರಿಗಿ ಬಂತು ಅನ್ರಿ. ಮಜಾ ಏನಂದ್ರ, ಆ ಕಂಪನಿ ಬಾಡಿಗಿ ಕೊಡೋ ಸಾಫ್ಟ್‌ವೇರ್ ಯಾತರದ್ದು ಅಂದ್ರ ಮಾರೋರ ಹಾಜರಿ ಪುಸ್ತಕದ್ದು. ಯಾರಿಗೆ ಫೋನ್ ಮಾಡಿದಿ, ಏನಂದರು, ಮುಂದ ಎಂದು ಮಾತಾಡತಿ, ಎಷ್ಟು ರೊಕ್ಕ ಬರಬಹುದು, ಎಲ್ಲಾ ಅದರಾಗ ಬರೀಬೇಕು. ನಮ್ಮ ಹುಡುಗಿ ಕಂಪನಿಯೊಳಗೂ ಇಂಥಾದ್ದೊಂದು ಅದ. ದಿನಾ ಸಂಜೀಕ ಒಂದು ತಾಸು ಅದಕ್ಕ ಹೋಗತದ. "ಅದರಾಗ ಬರೀಲಿಲ್ಲಂದ್ರ ನಾ ಆ ದಿವಸ ಕೆಲಸಾನ ಮಾಡಿಲ್ಲ ಅಂತ ಲೆಕ್ಕ ಮೌಶಿ" ಅಂತಾಳ. ಗಿರಾಕಿ ಬಾಡಿಗಿ ನಿಲ್ಲಿಸಿದರ ಕಮಿಷನ್ ವಾಪಸ್ ಹಿಡಿಯೋ ಪದ್ಧತಿ ಎಷ್ಟೋ ಕಂಪನ್ಯಾಗ ಇವತ್ತೂ ಅದ.

ಇನ್ನ ನಮ್ಮ ಕಡೆ ಕಥಿ. ಐಬಿಎಂ 1978ರಾಗ ಭಾರತ ಬಿಟ್ಟು ಹೋತು. ಆಮೇಲೆ ಬೆಳೆದ ನಮ್ಮ ಕಂಪನಿಗಳು ಬಹುತೇಕ ಮಂದಿಯ ತಾಸು ಮಾರಿದವು: ಇಷ್ಟು ಇಂಜಿನಿಯರು, ಇಷ್ಟು ತಿಂಗಳು, ಇಷ್ಟು ಡಾಲರ್. ಅದೂ ಸೇಲ್ಸೇ, ಆದ್ರ ಸಾಮಾನು ಮಾರೋ ಸೇಲ್ಸ್ ಅಲ್ಲ.

ಸಾಮಾನು ಅಂತ ಮಾರಿದವರ ಪೈಕಿ ನಿಮಗೆಲ್ಲಾ ಗೊತ್ತಿರೋದು ಟ್ಯಾಲಿ. ಅದು ಬೆಂಗಳೂರಿನ ಕೂಸು. ಶ್ಯಾಮ್ ಸುಂದರ್ ಗೋಯಂಕಾ ಅವರು ಗಿರಣಿಗಳಿಗೆ ಕಚ್ಚಾ ಮಾಲು, ಯಂತ್ರದ ಬಿಡಿಭಾಗ ಕೊಡೋ ವ್ಯಾಪಾರಸ್ಥರು. ತಮ್ಮ ಲೆಕ್ಕಕ್ಕ ಹೊಂದೋ ಸಾಫ್ಟ್‌ವೇರ್ ಸಿಗಲಿಲ್ಲ ಅಂತ, ಗಣಿತ ಓದಿದ ಮಗ ಭರತಗ ಮಾಡು ಅಂದರು. 1986ರಾಗ ಪ್ಯೂಟ್ರಾನಿಕ್ಸ್ ಅಂತ ಕಂಪನಿ ಆತು, 1999ರಾಗ ಟ್ಯಾಲಿ ಸೊಲ್ಯೂಷನ್ಸ್ ಅಂತ ಹೆಸರಾತು. ಭರತ್ ಗೋಯಂಕಾ ಅವರಿಗೆ 2020ರಾಗ ಪದ್ಮಶ್ರೀ ಬಂತು. ಅವರ ಜಾಣತನ ಏನಂದ್ರ, ಆ ಕಾಲದ ಲೆಕ್ಕದ ಸಾಫ್ಟ್‌ವೇರ್‌ನ್ಯಾಗ ಪ್ರತಿ ಖಾತೆಗೂ ಒಂದು ನಂಬರ್ ಇಟ್ಟು ಅದನ್ನ ನೆನಪಿಡಬೇಕಿತ್ತು. ಟ್ಯಾಲಿಯೊಳಗ ಹೆಸರು ಬರದ್ರ ಸಾಕು, ವಹಿಯೊಳಗ ಬರದಂಗ.

ಇದನ್ನ ಮಾರಿದವರು ಯಾರು? ಟೈ ಕಟ್ಟಿದವರಲ್ಲ. ಊರೂರಾಗ ಕಂಪ್ಯೂಟರ್ ಅಂಗಡಿ ಇಟ್ಟ ಡೀಲರ್ ಹುಡುಗೂರು, ಟ್ಯಾಲಿ ಕ್ಲಾಸ್ ನಡೆಸೋರು. ನಮ್ಮ ಹುಬ್ಬಳ್ಳಿ ಜವಳಿಸಾಲು, ದುರ್ಗದಬೈಲು, ಅಮರಗೋಳ ಎಪಿಎಂಸಿ ಅಡತಿ ಅಂಗಡಿ ಎಲ್ಲಾ ಕಡೆ ಅವರ ಎದುರಿಗೆ ಇದ್ದದ್ದು ಎರಡು ಗೋಡಿ. ಒಂದು, ಕಿರ್ದಿ ಖತಾವಣಿ ಬರಿಯೋ ಹಳೇ ಗುಮಾಸ್ತರು. ಡೇಟನ್ ಊರಿನ ಆಳುಗಳ ಗತಿ ಇವರು ಕಳ್ಳರಲ್ಲ ಮತ್ತ, ನಲವತ್ತು ವರ್ಷ ಒಂದು ಪೈ ತಪ್ಪಲಾರದಂಗ ಬರದವರು, ಆದ್ರ ನೌಕರಿ ಹೋಗತದ ಅನ್ನೋ ಹೆದರಿಕಿ ಅವರಿಗೂ ಇತ್ತು. ಶಾಣ್ಯಾ ಡೀಲರ್ ಮೊದಲ ಗುಮಾಸ್ತರಿಗೆ ಚಹಾ ಕುಡಿಸಿ, ಅವರಿಗೇ ಕಲಿಸಿ, ಅವರ ಬಾಯಿಂದನ ಮಾಲಕಗ ಹೇಳಿಸತಿದ್ದ. ಎರಡನೇ ಗೋಡಿ ಮತ್ತ ಫುಕಟ್: ಬಾಜೂ ಅಂಗಡ್ಯಾಂವನ ಕಡೆಯಿಂದ ಕದ್ದ ಪ್ರತಿ ಹಾಕಿಸಿಕೊಳ್ಳೋದು. ಗೆಟ್ಸ್ ಎದುರಿಗೆ ನಿಂತ ಪ್ರಶ್ನೆ ಇಲ್ಲೂ ಬಂತು, ಬರೇ ಬ್ಯಾರೆ ವೇಷದಾಗ.

2005ರ ಏಪ್ರಿಲ್‌ಗೆ ಕರ್ನಾಟಕದಾಗ ವ್ಯಾಟ್ ಬಂತು, 2017ರ ಜುಲೈ 1ಕ್ಕ ಜಿಎಸ್‌ಟಿ ಬಂತು. ಕಾನೂನು ಬದಲಾದಾಗ ಸಾಫ್ಟ್‌ವೇರ್ ಬದಲಾಗಬೇಕು, ಅದು ಬದಲಾಗೋದು ಲೈಸೆನ್ಸ್ ಇದ್ದವರಿಗೆ. ಡೀಲರ್ ಹತ್ತು ವರ್ಷ ಹೇಳಿದರೂ ಕೇಳಲಾರದ ಎಷ್ಟೋ ಮಂದಿ ಆ ಜುಲೈದಾಗ ತಾವ ಫೋನ್ ಮಾಡಿದರು. ನಮ್ಮ ಯಜಮಾನರ ಗೆಳೆಯರೊಬ್ಬರು ಡೀಲರ್; ಆ ತಿಂಗಳು ಅವರು ಮನ್ಯಾಗ ನೆಟ್ಟಗ ಊಟಾ ಮಾಡಿದ್ದಿಲ್ಲ ಅಂತ ಅವರ ಹೆಂಡತಿ ಇನ್ನೂ ಹೇಳತಾರ.

ಈಗ ನಮ್ಮ ಹುಡುಗಿ ಪಗಾರದ ಮಾತು, ಯಾಕಂದ್ರ ಅದರ ಸಲುವಾಗಿ ಮನ್ಯಾಗ ರಾಡಿ ಎದ್ದೇದ. ಸೇಲ್ಸ್ ಪಗಾರ ಎರಡು ಭಾಗ. ಒಂದು ಪಕ್ಕಾ ಬರೋದು, ಇನ್ನೊಂದು ಕೋಟಾ ಮುಟ್ಟಿದ್ರ ಬರೋದು. ಎರಡೂ ಕೂಡಿಸಿ ಕಾಗದದ ಮ್ಯಾಲೆ ಒಂದು ದೊಡ್ಡ ಅಂಕಿ ಬರದಿರತಾರ. ಪೂರಾ ಸಹಿ ಹಾಕಿಸೋ ಮಟ್ಟದವರಿಗೆ ಎಷ್ಟೋ ಕಡೆ ಅರ್ಧಾ ಅರ್ಧಾ ಇರತದ. ಅಕ್ಕ ಆ ದೊಡ್ಡ ಅಂಕಿ ಹನ್ನೆರಡಕ್ಕ ಭಾಗಿಸಿ, ಬೆಂಗಳೂರಾಗ ಫ್ಲ್ಯಾಟಿನ ಕಂತು ಲೆಕ್ಕಾ ಹಾಕಿ ಕೂತಿದ್ದಳು. ಹ್ವಾದ ವರ್ಷ ಎರಡು ಸಲ, ಅಂದ್ರ ಆರು ತಿಂಗಳು, ಹುಡುಗಿಗೆ ಕೋಟಾ ಮುಟ್ಟಲಿಲ್ಲ. ಮನಿಗೆ ಹೇಳಲಿಲ್ಲ. ಕ್ರೆಡಿಟ್ ಕಾರ್ಡ್ ಮ್ಯಾಲೆ ರೊಕ್ಕ ತಗದು ಮನಿಗೆ ಕಳಿಸ್ಯಾಳ. ದೀಪಾವಳಿಗೆ ಬಂದಾಗ ಪಾಡ್ಯದ ದಿವಸ ಹಿತ್ತಲದಾಗ ಕೂತು ನನಗ ಹೇಳಿದಳು, ಅವ್ವಗ ಹೇಳಬ್ಯಾಡ ಅಂತಾನೂ ಅಂದಳು. ಈಗ ಅಕ್ಕಗೂ ಗೊತ್ತಾಗೇದ, ಆಕಿಯೇ ಹೇಳ್ಯಾಳ, ಬರೀ ಅಂತಾನೂ ಒಪ್ಪಿಗಿ ಕೊಟ್ಟಾಳ. ಇಲ್ಲಂದ್ರ ಇದನ್ನ ಇಲ್ಲೆ ಬರೀತಿದ್ದಿಲ್ಲ.

ಕೋಟಾ ಯಾಕ ತಪ್ಪಿತು ಅಂತ ಕೇಳಿದೆ. ಒಬ್ಬ ದೊಡ್ಡ ಗಿರಾಕಿ, ನಾಕ ತಿಂಗಳ ಮಾತುಕತಿ ಆಗಿತ್ತು. ಕಡೀಕ ಅವರು ಒಂದು ಸೌಲಭ್ಯ ಅದೇನು ಅಂತ ಕೇಳಿದರು. ಅದು ಇದ್ದಿದ್ದಿಲ್ಲ. ಇಂಜಿನಿಯರುಗಳು ಮಾಡತೀವಿ ಅಂದಿದ್ದರು, ಯಾವಾಗ ಅಂತ ಹೇಳಿದ್ದಿಲ್ಲ. "ಅದ ಅಂತ ಹೇಳಿಬಿಡು, ಆಮೇಲೆ ನೋಡೋಣು" ಅಂತ ಮ್ಯಾಲಿನವರು ಅಂದರು. ಆಕಿ ಇಲ್ಲ ಅಂದಳು. ಗಿರಾಕಿ ಹೋತು.

ಇರಲಾರದ್ದನ್ನ ಮಾರೋದು ಈ ಧಂದ್ಯಾಗ ಹೊಸಾದಲ್ಲ. 1980ರ ದಶಕದಾಗನ ಅದಕ್ಕ ವೇಪರ್‌ವೇರ್ ಅಂತ ಹೆಸರು ಬಂದಿತ್ತು, ಉಗಿಯಿಂದ ಮಾಡಿದ ಸಾಮಾನು ಅಂದಂಗ. 1983ರಾಗ ಅಮೇರಿಕಾದಾಗ ಓವೇಷನ್ ಅಂತ ಒಂದು ಕಂಪನಿ ಭಾರೀ ಡೆಮೋ ತೋರಿಸಿ ಹೆಸರು ಮಾಡಿ, ಆ ಸಾಫ್ಟ್‌ವೇರ್ ಎಂದೂ ಹೊರಗ ತರಲಾರದ ಮುಳುಗಿ ಹೋತು. ಸೀರಿ ಅಂಗಡ್ಯಾಗ ಇರಲಾರದ ಸೀರಿ ಹರವಿ ತೋರಸಲಿಕ್ಕೆ ಬರಂಗಿಲ್ಲ. ಇಲ್ಲಿ ಬರತದ. ವೈನಿ, ನಿಮ್ಮ ಪ್ರಶ್ನೆಯ ಖರೇ ಉತ್ತರಾ ಇದು ಅಂತ ನನಗನಸತದ. ಕೈಯಾಗ ಹಿಡಿಲಿಕ್ಕೆ ಬರಲಾರದಕ್ಕ ಮಾರೋಕಿ ಮಾತ ಸರಕು. ಆಕಿ ಇಲ್ಲ ಅಂದದ್ದಕ್ಕ ಆರು ತಿಂಗಳ ಅರ್ಧಾ ಪಗಾರ ಕೊಟ್ಟಾಳ. ಅದೇ ಗಿರಾಕಿ ಮುಂದ ತಿರಿಗಿ ಬಂದಾರೇನು ಅಂತ ಕೇಳಬ್ಯಾಡ್ರಿ, ಬಂದಿಲ್ಲ.

ಅದಕ್ಕ ಮನ್ಯಾಗ ಇಂಥಾ ನೌಕರಿಯವರು ಇದ್ದವರಿಗೆ ಒಂದು ಮಾತು ಹೇಳತೀನಿ. ಕಂತು, ಭೀಸಿ, ಲಗ್ನದ ಖರ್ಚು ಯಾವದಕ್ಕೂ ಪಕ್ಕಾ ಬರೋ ಭಾಗ ಅಷ್ಟ ಹಿಡೀರಿ. ಇನ್ನೊಂದು ಭಾಗ ಬಂದಾಗ ಬಂಗಾರ ಮಾಡಸ್ರಿ, ಎಫ್‌ಡಿ ಇಡ್ರಿ. ಗಂಡಿನ ಕಡೆಯವರು ಪಗಾರ ಕೇಳಿದ್ರ ಸಣ್ಣ ಅಂಕಿ ಹೇಳ್ರಿ. ನಮ್ಮ ಅಕ್ಕ ಈಗ ಹಂಗ ಮಾಡ್ಯಾಳ, ಫ್ಲ್ಯಾಟಿನ ಮಾತು ಎರಡು ವರ್ಷ ಮುಂದ ಹಾಕ್ಯಾಳ.

ಮತ್ತ ಮೌಶಿ, ಬರೋ ವರ್ಷ ಸಂಬಂಧ ಕೂಡಿಬಂದ್ರ ಭಟ್ಟರಿಗೆ ಮೊದಲ ಹೇಳಿಡ್ರಿ: ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್, ಈ ನಾಕೂ ತಿಂಗಳ ಕಡೀ ವಾರದಾಗ ಎಷ್ಟ ಚಲೋ ಮುಹೂರ್ತ ಇದ್ದರೂ ಬ್ಯಾಡ. ಹುಡುಗಿಗೆ ರಜಾ ಸಿಗಂಗಿಲ್ಲ, ಸಿಕ್ಕರೂ ಅಕ್ಷತಾ ಬೀಳುವಾಗ ಫೋನ್ ನೋಡತಿರತಾಳ.